ಎಂ.ಟೆಕ್ ಪದವಿಗೆ ಏನು ಬೇಕು: ಸೂಲಿಬೆಲೆಯ ಕಡೆಯಿಂದ ಒಂದು ಸಮೀಕ್ಷೆ

ಹೊಸಕೋಟೆ ತಾಲ್ಲೂಕಿನ ಸೂಲಿಬೆಲೆಯಂಥ ಹೋಬಳಿಯಲ್ಲಿ ಬಿ.ಇ. ಮುಗಿಸಿದವರು ಈಗ ಅಪರೂಪವೇನಲ್ಲ. ರಾಗಿ, ಆಲೂಗಡ್ಡೆ, ಹಿಪ್ಪುನೇರಳೆ ಬೆಳೆಯುವ ಮನೆಗಳಿಂದಲೂ ಎಂಜಿನಿಯರುಗಳು ಬಂದಿದ್ದಾರೆ. ಮುಂದೆ ಓದುವುದಾದರೆ ದೂರ ಹೋಗಬೇಕಾಗಿಯೂ ಇಲ್ಲ. ಉತ್ತರಕ್ಕೆ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿಯಲ್ಲಿ ಅವರದೇ ಹೆಸರಿನ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ವಿಟಿಯುವಿನ, ಸ್ನಾತಕೋತ್ತರ ಕೇಂದ್ರವಿದೆ. ದೇವನಹಳ್ಳಿಯ ಕಡೆ ನಾಗಾರ್ಜುನ ಕಾಲೇಜು, ದೊಡ್ಡಬಳ್ಳಾಪುರದಲ್ಲಿ ಆರ್.ಎಲ್. ಜಾಲಪ್ಪ ತಾಂತ್ರಿಕ ಕಾಲೇಜು, ಬೆಂಗಳೂರಿನ ಒಳಗೆ 1917ರಲ್ಲಿ ಶುರುವಾದ ಯುವಿಸಿಇ, ಅದಕ್ಕೂ ಹಳೆಯದಾದ ಭಾರತೀಯ ವಿಜ್ಞಾನ ಸಂಸ್ಥೆ. ಹೀಗಿದ್ದೂ ದೇಶದ ಎಂ.ಟೆಕ್ ಸೀಟುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಲವು ವರ್ಷಗಳಿಂದ ಖಾಲಿ ಉಳಿಯುತ್ತಿವೆ. ಕೆಲಸ ಸಿಗುವುದಿಲ್ಲ, ಖರ್ಚು ಹೆಚ್ಚು, ಎರಡು ವರ್ಷ ದಂಡ ಎಂಬ ಕಾರಣಗಳನ್ನು ಎಲ್ಲರೂ ಹೇಳುತ್ತಾರೆ, ಅವು ಸುಳ್ಳಲ್ಲ. ಆದರೆ ಅವುಗಳ ಹಿಂದೆ ಇನ್ನೊಂದು ಕಾರಣವಿದೆ ಎಂಬುದು ಈ ಲೇಖನದ ವಾದ. ಈ ಪದವಿಗೆ ನಾವು ಹಾಕುವ ಷರತ್ತುಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಉದ್ದವಾಗಿದೆ. ಅದರಲ್ಲಿ ಪದವಿಗೆ ಬೆಲೆ ತರುವ ಒಂದೇ ಒಂದು ಷರತ್ತು, ಅಂದರೆ ವಿದ್ಯಾರ್ಥಿ ತಾನೇ ಮಾಡಿದ ಒಂದು ಕೆಲಸವನ್ನು ಹೊರಗಿನವರ ಮುಂದಿಟ್ಟು ಸಮರ್ಥಿಸಿಕೊಳ್ಳುವುದು, ಸಡಿಲವಾಗುತ್ತ ಬಂದಿದೆ.

ಮೊದಲು ಪಟ್ಟಿಯನ್ನು ನೋಡೋಣ. ಬಿ.ಇ. ಅಥವಾ ಬಿ.ಟೆಕ್‌ನಲ್ಲಿ ಶೇ. 50 ಅಂಕ, ಮೀಸಲು ವರ್ಗಗಳಿಗೆ ಶೇ. 45. ಆಮೇಲೆ ಐಐಟಿಗಳು ಮತ್ತು ವಿಜ್ಞಾನ ಸಂಸ್ಥೆ ಸರದಿಯ ಮೇಲೆ ನಡೆಸುವ ಪ್ರವೇಶ ಪರೀಕ್ಷೆ ಗೇಟ್. ಮೂರು ಗಂಟೆ, 100 ಅಂಕ, ಅದರ ಸ್ಕೋರ್ ಮೂರು ವರ್ಷ ಚಾಲ್ತಿ. ಗೇಟ್ ಆಗದವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಪಿಜಿಸಿಇಟಿ. ಸೇರಿದ ಮೇಲೆ ನಾಲ್ಕು ಸೆಮಿಸ್ಟರ್, ವಿಟಿಯುವಿನಲ್ಲಿ ಶೇ. 85 ಹಾಜರಿ, ಇಂಟರ್ನಲ್ಸ್, ಸೆಮಿಸ್ಟರ್ ಪರೀಕ್ಷೆ, ಸೆಮಿನಾರ್, ಇಂಟರ್ನ್‌ಶಿಪ್, ಎರಡು ಹಂತದ ಪ್ರಾಜೆಕ್ಟ್, ಕೃತಿಚೌರ್ಯ ತಪಾಸಣೆಯ ವರದಿ, ಕೊನೆಗೆ ವೈವಾ. ತಾಂತ್ರಿಕ ಶಿಕ್ಷಣದ ಅಖಿಲ ಭಾರತ ಮಂಡಳಿಯಾದ ಎಐಸಿಟಿಇ 2018ರಲ್ಲಿ ಹೊರಡಿಸಿದ ಮಾದರಿ ಪಠ್ಯಕ್ರಮ ಇಡೀ ಎಂ.ಟೆಕ್‌ಗೆ 68 ಕ್ರೆಡಿಟ್ ನಿಗದಿ ಮಾಡಿತು. ಅದರಲ್ಲಿ ಮೂರನೆಯ ಸೆಮಿಸ್ಟರಿನ ಪ್ರಬಂಧದ ಮೊದಲ ಹಂತಕ್ಕೆ 10, ನಾಲ್ಕನೆಯ ಸೆಮಿಸ್ಟರಿನ ಎರಡನೆಯ ಹಂತಕ್ಕೆ 16. ಒಟ್ಟು 26, ಪದವಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು.

ಈ 26 ಎಂಬ ಸಂಖ್ಯೆ ಗಮನಕ್ಕೆ ತಕ್ಕದ್ದು. ಯುರೋಪಿನ ದೇಶಗಳು 1999ರ ಬೊಲೋನ್ಯಾ ಒಪ್ಪಂದದ ಮೇಲೆ ಕಟ್ಟಿಕೊಂಡ ಏರ್ಪಾಟಿನಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಗೆ 120 ಕ್ರೆಡಿಟ್. ಜರ್ಮನಿಯ ತಾಂತ್ರಿಕ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಅದರಲ್ಲಿ 30 ಪ್ರಬಂಧಕ್ಕೆ ಹೋಗುತ್ತದೆ, ಅಂದರೆ ಕಾಲು ಭಾಗ. ನಮ್ಮ ಮಕ್ಕಳು ಎಂ.ಎಸ್. ಎಂದು ಹೋಗುವ ಅಮೆರಿಕದಲ್ಲಿ ಪದವಿ ಸುಮಾರು 30 ಕ್ರೆಡಿಟ್‌ನದು. ಪ್ರಬಂಧವನ್ನು ಆರಿಸಿಕೊಂಡರೂ ಅದಕ್ಕೆ ಸಿಗುವುದು ಆರರ ಆಸುಪಾಸು, ಪ್ರಬಂಧವೇ ಇಲ್ಲದೆ ಬರೀ ಕೋರ್ಸ್ ಮುಗಿಸಿ ಪದವಿ ಪಡೆಯುವವರೂ ಬಹಳ. ಹಾಗಾಗಿ ಕಾಗದದ ಮೇಲೆ ಪ್ರಬಂಧಕ್ಕೆ ಹೆಚ್ಚು ತೂಕ ಕೊಟ್ಟವರು ನಾವು. ಅಲ್ಲಿನ ಪದವಿಗೆ ಇರುವ ಮರ್ಯಾದೆ ಇಲ್ಲಿನದಕ್ಕೆ ಏಕಿಲ್ಲ ಎಂದು ಕೇಳುವವರು ಪಠ್ಯಕ್ರಮದ ಕಡೆ ಬೆರಳು ತೋರಿಸಿದರೆ ದಾರಿ ತಪ್ಪುತ್ತಾರೆ. ಅಂಕಿಗಳಲ್ಲಿ ಏನೂ ಕೊರತೆಯಿಲ್ಲ. ಷರತ್ತು ಷರತ್ತಾಗುವುದು ಅದನ್ನು ಪೂರೈಸದವನು ಫೇಲಾಗುವ ಸಾಧ್ಯತೆ ಇದ್ದಾಗ ಮಾತ್ರ. ಗಣಿತದ ಪೇಪರಿನಲ್ಲಿ ಬ್ಯಾಕ್‌ಲಾಗ್ ಉಳಿಸಿಕೊಂಡ ಎಂ.ಟೆಕ್ ವಿದ್ಯಾರ್ಥಿ ಯಾವ ಕಾಲೇಜಿನಲ್ಲೂ ಸಿಗುತ್ತಾನೆ. ಪ್ರಾಜೆಕ್ಟಿನಲ್ಲಿ ಫೇಲಾದವನನ್ನು ಹುಡುಕಿ ತರುವುದು ಕಷ್ಟ. ಬೆಂಗಳೂರಿನ ಬಡಾವಣೆಗಳಲ್ಲಿ 'ಐಇಇಇ ಪ್ರಾಜೆಕ್ಟ್ಸ್' ಎಂದು ಬೋರ್ಡು ಹಾಕಿಕೊಂಡು ಸಿದ್ಧ ಪ್ರಾಜೆಕ್ಟು ಮಾರುವ ಅಂಗಡಿಗಳು ಇಷ್ಟು ವರ್ಷ ಬಾಳಿರುವುದು ಸುಮ್ಮನೆ ಅಲ್ಲ.

ಹೀಗಾದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1909ರಲ್ಲಿ ಸ್ಥಾಪನೆಯಾದ ವಿಜ್ಞಾನ ಸಂಸ್ಥೆಗೆ 1958ರವರೆಗೆ ಪದವಿ ಕೊಡುವ ಅಧಿಕಾರವೇ ಇರಲಿಲ್ಲ. ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಿದವರಿಗೆ ಅಸೋಸಿಯೇಟ್‌ಶಿಪ್, ಪಾಠ ಕಲಿತು ಪರೀಕ್ಷೆ ಬರೆದವರಿಗೆ ಡಿಪ್ಲೊಮಾ. ಎರಡು ದಾರಿ, ಎರಡು ಹೆಸರು. ಒಂದನ್ನು ಇನ್ನೊಂದೆಂದು ಯಾರೂ ತಪ್ಪು ತಿಳಿಯುವಂತಿರಲಿಲ್ಲ. ವಿಶ್ವವಿದ್ಯಾಲಯಕ್ಕೆ ಸಮಾನವೆಂಬ ಮಾನ್ಯತೆ ಬಂದ ಮೇಲೂ ಸಂಸ್ಥೆ ಈ ಭೇದವನ್ನು ಬೇರೆ ರೂಪದಲ್ಲಿ ಉಳಿಸಿಕೊಂಡಿತು: ಒಂದು ಕಡೆ ಕೋರ್ಸುಗಳ ಮೇಲೆ ನಿಂತ ಪದವಿ, ಇನ್ನೊಂದು ಕಡೆ ಬಹುಕಾಲ ಎಂ.ಎಸ್ಸಿ. ಎಂಜಿನಿಯರಿಂಗ್ ಎಂದು ಕರೆಯಿಸಿಕೊಂಡು ಈಗ ಎಂ.ಟೆಕ್ ರಿಸರ್ಚ್ ಆಗಿರುವ ಸಂಶೋಧನೆಯ ಪದವಿ. ದೇಶದ ಮಟ್ಟದಲ್ಲಿ ಸ್ನಾತಕೋತ್ತರ ಎಂಜಿನಿಯರಿಂಗ್ ಶಿಕ್ಷಣಕ್ಕೆ ಒಂದು ಚೌಕಟ್ಟು ಕೊಟ್ಟದ್ದು, ಹಿಂದೆ ಇದೇ ಸಂಸ್ಥೆಯ ನಿರ್ದೇಶಕರಾಗಿದ್ದ ಎಂ.ಎಸ್. ಥ್ಯಾಕರ್ ಅವರ ಅಧ್ಯಕ್ಷತೆಯ ಸಮಿತಿ. ಆ ಕಾಲಕ್ಕೆ ಸ್ನಾತಕೋತ್ತರ ಎಂಜಿನಿಯರ್ ಎಂದರೆ ಅಣೆಕಟ್ಟು, ವಿಮಾನ, ವಿದ್ಯುತ್ ಜಾಲ ಕಟ್ಟುವ ದೇಶಕ್ಕೆ ಬೇಕಾದ ಕೆಲವೇ ನೂರು ಜನ. ಪರೀಕ್ಷಕರಿಗೆ ವಿದ್ಯಾರ್ಥಿಯ ಮುಖ, ಅವನ ಲ್ಯಾಬಿನ ಕೆಲಸ ಎರಡೂ ಗೊತ್ತಿರುತ್ತಿತ್ತು.

1998ರಲ್ಲಿ ವಿಟಿಯು ಬೆಳಗಾವಿಯಲ್ಲಿ ತಲೆಯೆತ್ತಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲ ಒಂದೇ ಸೂರಿನಡಿ ತಂದಿತು. ಇಂದು ಅವು ಇನ್ನೂರಕ್ಕೂ ಹೆಚ್ಚು. ಆದರೆ ಎಂ.ಟೆಕ್‌ನ ಸ್ವಭಾವವನ್ನು ಬದಲಿಸಿದ್ದು ವಿಟಿಯು ಅಲ್ಲ, 2010ರಲ್ಲಿ ಎಐಸಿಟಿಇ ಹೊರಡಿಸಿದ ಅಧ್ಯಾಪಕರ ಅರ್ಹತೆಯ ನಿಯಮ. ಅದಕ್ಕೆ ಮೊದಲು ಪ್ರಥಮ ದರ್ಜೆಯ ಬಿ.ಇ. ಇದ್ದರೆ ಲೆಕ್ಚರರ್ ಆಗಬಹುದಿತ್ತು. ಆಮೇಲೆ ಸಹಾಯಕ ಪ್ರಾಧ್ಯಾಪಕನಾಗಲು ಎಂ.ಟೆಕ್ ಕಡ್ಡಾಯವಾಯಿತು. ಉದ್ದೇಶ ಒಳ್ಳೆಯದೇ, ಬಿ.ಇ. ಮುಗಿಸಿದ ಮರುವರ್ಷವೇ ಬಿ.ಇ. ಪಾಠ ಹೇಳುವ ಪದ್ಧತಿಯನ್ನು ಯಾರೂ ಸಮರ್ಥಿಸಲಾರರು. ಪರಿಣಾಮ ಮಾತ್ರ ಬೇರೆಯಾಯಿತು. ಆಗಲೇ ಕೆಲಸದಲ್ಲಿದ್ದ ಸಾವಿರಾರು ಅಧ್ಯಾಪಕರಿಗೆ ಎಂ.ಟೆಕ್ ಕೆಲಸ ಉಳಿಸಿಕೊಳ್ಳುವ ಲೈಸೆನ್ಸಾಯಿತು. ಕಾಲೇಜುಗಳು ಸಾಲುಸಾಲಾಗಿ ಸ್ನಾತಕೋತ್ತರ ವಿಭಾಗ ತೆರೆದವು. ತನ್ನ ಸಹೋದ್ಯೋಗಿಯನ್ನೇ ವಿದ್ಯಾರ್ಥಿಯಾಗಿ ಪಡೆದ ಗೈಡ್, ಪಕ್ಕದ ಕಾಲೇಜಿನಿಂದ ಬಂದ ಪರೀಕ್ಷಕ, ಮುಂದಿನ ವಾರ ಆ ಕಾಲೇಜಿಗೆ ಪರೀಕ್ಷಕನಾಗಿ ಹೋಗಬೇಕಾದ ಇದೇ ಗೈಡ್. ಇಂಥ ಕೊಡುಕೊಳ್ಳುವಿಕೆಯಲ್ಲಿ ಯಾರು ಯಾರನ್ನು ಫೇಲ್ ಮಾಡುತ್ತಾರೆ? ಯಾರೂ ಕೆಟ್ಟವರಾಗಬೇಕಿಲ್ಲ, ಏರ್ಪಾಟೇ ಸಾಕು. ಬೇಡಿಕೆ ಇಳಿದ ಮೇಲೆ ಆ ಸೀಟುಗಳು ಖಾಲಿಯಾದವು. ರೂಢಿಯಾದ ಸಡಿಲಿಕೆ ಉಳಿದುಕೊಂಡಿತು.

ಸಡಿಲವಾದ ಕಡೆ ಬಿಗಿ ಮಾಡಲು ಅಧಿಕಾರದಲ್ಲಿರುವವರಿಗೆ ಗೊತ್ತಿರುವ ಉಪಾಯ ಇನ್ನೊಂದು ಷರತ್ತು ಸೇರಿಸುವುದು. ಅದು ಫಲ ಕೊಡುವುದಿಲ್ಲ ಎಂಬುದಕ್ಕೆ ಪಿಎಚ್.ಡಿ.ಯ ಇತಿಹಾಸವೇ ಸಾಕ್ಷಿ. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2016ರ ನಿಯಮಗಳು ಪ್ರಬಂಧ ಒಪ್ಪಿಸುವ ಮೊದಲು ಒಂದು ನಿಯತಕಾಲಿಕದಲ್ಲಿ ಲೇಖನ, ಎರಡು ಸಮ್ಮೇಳನಗಳಲ್ಲಿ ಮಂಡನೆ ಇರಲೇಬೇಕೆಂದವು. ಕೇಳಲು ಎಷ್ಟು ಸಮಂಜಸ! ಕಡ್ಡಾಯ ಬಂದ ಕಡೆ ವ್ಯಾಪಾರವೂ ಬರುತ್ತದೆ. ದುಡ್ಡು ಕೊಟ್ಟರೆ ವಾರದೊಳಗೆ ಅಚ್ಚು ಹಾಕುವ ಪತ್ರಿಕೆಗಳು ಹುಟ್ಟಿದವು, ಅವುಗಳನ್ನು ಬೇರ್ಪಡಿಸಲು ಯುಜಿಸಿ ಕೇರ್ ಎಂಬ ಪಟ್ಟಿ ಮಾಡಿತು, ಪಟ್ಟಿಯೊಳಗೆ ನುಸುಳುವ ಪೈಪೋಟಿ ಶುರುವಾಯಿತು, 2025ರಲ್ಲಿ ಆ ಪಟ್ಟಿಯನ್ನೇ ಕೈಬಿಡಲಾಯಿತು. ಅಷ್ಟರೊಳಗೆ 2022ರ ಹೊಸ ನಿಯಮಗಳು ಲೇಖನದ ಕಡ್ಡಾಯವನ್ನು ತೆಗೆದು ಹಾಕಿದ್ದವು. ಈಗ ಉಳಿದಿರುವುದು ಕನಿಷ್ಠ ಮೂರು, ಗರಿಷ್ಠ ಆರು ವರ್ಷದ ಅವಧಿ, 12 ಕ್ರೆಡಿಟ್‌ಗೆ ಕಡಿಮೆಯಿಲ್ಲದ ಕೋರ್ಸ್‌ವರ್ಕ್, ಹೊರಗಿನ ಕನಿಷ್ಠ ಇಬ್ಬರು ಪರೀಕ್ಷಕರ ಮೌಲ್ಯಮಾಪನ ಮತ್ತು ಬಹಿರಂಗ ವೈವಾ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಅಂಕ ಪಡೆದವರು ಎಂ.ಟೆಕ್ ಇಲ್ಲದೆ ನೇರ ಪಿಎಚ್.ಡಿ.ಗೆ ಹೋಗಲೂ ಇದೇ ನಿಯಮಗಳು ದಾರಿ ಬಿಟ್ಟಿವೆ. ಚುರುಕಾದ ವಿದ್ಯಾರ್ಥಿಯೊಬ್ಬ ಎಂ.ಟೆಕ್ ಅನ್ನು ದಾಟಿಕೊಂಡೇ ಹೋಗಬಹುದು ಎಂದಾದಾಗ, ಎಂ.ಟೆಕ್ ತನ್ನ ಸ್ವಂತ ಗುಣವನ್ನು ತೋರಿಸದೆ ಬೇರೆ ದಾರಿಯಿಲ್ಲ.

ಕೃತಿಚೌರ್ಯದ ನಿಯಮದ ಕತೆಯೂ ಇದೇ ಜಾಡಿನದು. 2018ರ ಯುಜಿಸಿ ನಿಯಮದಂತೆ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಅದರಿಂದಾಚೆ 40ರವರೆಗೆ ತಿದ್ದಿ ಮತ್ತೆ ಒಪ್ಪಿಸಬೇಕು. 60ರವರೆಗೆ ಒಂದು ವರ್ಷ ತಡೆ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಯಂತ್ರ ಅಳೆಯುವುದು ವಾಕ್ಯಗಳ ಹೋಲಿಕೆಯನ್ನು. ಬೇರೆಯವರು ಮಾಡಿದ ಪ್ರಯೋಗವನ್ನು ಬೇರೆ ಮಾತಿನಲ್ಲಿ ಬರೆದರೆ ಅದಕ್ಕೆ ಗೊತ್ತಾಗದು, ಮಾಡದೇ ಇರುವ ಪ್ರಯೋಗವನ್ನು ಚೆಂದವಾಗಿ ಬರೆದರಂತೂ ಇನ್ನೂ ಗೊತ್ತಾಗದು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಈ ಶೇಕಡಾವಾರು ಲೆಕ್ಕ ಹೆಚ್ಚುಕಡಿಮೆ ನಗೆಪಾಟಲಾಗಿದೆ.

ಹಾಗಾದರೆ ಏನು ಕೇಳಬೇಕು? ನಕಲು ಮಾಡಲು ಆಗದಂಥದ್ದನ್ನು. ಒಂದು ಊರಿನಲ್ಲಿ, ಒಂದು ಕಾಲದಲ್ಲಿ, ವಿದ್ಯಾರ್ಥಿ ಕೈಯಾರೆ ಅಳೆದು ತಂದ ಅಂಕಿಅಂಶ ಮತ್ತು ಅದರ ಮೇಲೆ ನಿಂತ ಲೆಕ್ಕ ಅಂಥದ್ದು. ಇದಕ್ಕೆ ಬೆಂಗಳೂರು ಗ್ರಾಮಾಂತರದಷ್ಟು ಹೇಳಿ ಮಾಡಿಸಿದ ಜಾಗ ಇನ್ನೊಂದಿಲ್ಲ. ಅಂತರ್ಜಲವನ್ನು ಅತಿಯಾಗಿ ಬಳಸಿದ ತಾಲ್ಲೂಕುಗಳ ಪಟ್ಟಿಯಲ್ಲಿ ಹೊಸಕೋಟೆ, ದೇವನಹಳ್ಳಿಗಳ ಹೆಸರು ಮತ್ತೆ ಮತ್ತೆ ಬರುತ್ತದೆ. ಬೋರ್‌ವೆಲ್ ಸಾವಿರ ಅಡಿ ದಾಟುವುದು ಈ ಸೀಮೆಗೆ ಹೊಸ ಸುದ್ದಿಯಲ್ಲ. ಇದೇ ಬವಣೆಗೆ ಪರಿಹಾರವೆಂದು ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಸಂಸ್ಕರಿಸಿ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಯಿಂದ ಶುರುವಾಯಿತು. ದಿನಕ್ಕೆ 44 ಕೋಟಿ ಲೀಟರ್, 126 ಕೆರೆ. ಹೆಬ್ಬಾಳ ನಾಗವಾರ ಕಣಿವೆಯ ಯೋಜನೆ ದಿನಕ್ಕೆ 21 ಕೋಟಿ ಲೀಟರನ್ನು ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರದ ಕಡೆಯ 65 ಕೆರೆಗಳಿಗೆ ಉದ್ದೇಶಿಸಿತು. ನೊರೆ, ಭಾರಲೋಹ, ಮೂರನೆಯ ಹಂತದ ಸಂಸ್ಕರಣೆ ಬೇಕೇ ಬೇಡವೇ ಎಂಬ ವಿವಾದ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಮುಟ್ಟಿತು. ಆ ವಿವಾದದಲ್ಲಿ ಎರಡೂ ಕಡೆಯವರು ಹುಡುಕುತ್ತಿದ್ದದ್ದು ಒಂದನ್ನೇ: ಯಾವ ಕೆರೆಯ ಪಕ್ಕದ ಯಾವ ಬಾವಿಯಲ್ಲಿ ಯಾವ ತಿಂಗಳು ಏನಿತ್ತು ಎಂಬ ಅಳತೆ. ಹತ್ತಿರದ ಕಾಲೇಜುಗಳ ಸಿವಿಲ್ ವಿಭಾಗದಿಂದ ವರ್ಷಕ್ಕೆ ಹತ್ತು ಎಂ.ಟೆಕ್ ಪ್ರಬಂಧಗಳು ಹತ್ತು ಕೆರೆಗಳನ್ನು ಹಂಚಿಕೊಂಡು ಬಂದಿದ್ದರೆ ಆ ವಾದ ಬೇರೆ ಮಟ್ಟದಲ್ಲಿ ನಡೆಯುತ್ತಿತ್ತು.

ನೀರೊಂದೇ ಅಲ್ಲ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ, ಸೂಲಿಬೆಲೆ ಮಾರ್ಗವಾಗಿ ಹೊಸಕೋಟೆಗೆ ಬರುವ ಉಪನಗರ ವರ್ತುಲ ರಸ್ತೆಯ ಭಾಗ 2024ರ ಮಾರ್ಚಿನಲ್ಲಿ ಉದ್ಘಾಟನೆಯಾಯಿತು. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಆರಂಭವಾಗುವುದೂ ಹೊಸಕೋಟೆಯಿಂದಲೇ. ಎತ್ತರದ ಮಣ್ಣಿನ ಏರಿಯ ಮೇಲೆ ಹೋಗುವ ಇಂಥ ರಸ್ತೆ, ಒಂದು ಕೆರೆಯ ಕೋಡಿ ಇನ್ನೊಂದು ಕೆರೆಯ ಒಡಲಿಗೆ ಸೇರುವ ಹಳೆಯ ಸರಪಳಿಯನ್ನು ಎಲ್ಲೆಲ್ಲಿ ಅಡ್ಡ ಹಾಯುತ್ತದೆ, ಅಲ್ಲಿ ಇಟ್ಟ ಮೋರಿಗಳು ಒಂದೇ ದಿನ ಸುರಿಯುವ ದೊಡ್ಡ ಮಳೆಗೆ ಸಾಲುತ್ತವೆಯೇ ಎಂಬುದು ಒಬ್ಬ ಸಿವಿಲ್ ವಿದ್ಯಾರ್ಥಿ ಒಂದು ಮಳೆಗಾಲದಲ್ಲಿ ಅಳೆಯಬಹುದಾದ ಪ್ರಶ್ನೆ. ಮೆಕ್ಯಾನಿಕಲ್ ವಿದ್ಯಾರ್ಥಿಗೆ ದೇವನಹಳ್ಳಿ ಬಳಿಯ ವಿಜಯಪುರ, ಶಿಡ್ಲಘಟ್ಟದ ರೇಷ್ಮೆ ರೀಲಿಂಗ್ ಘಟಕಗಳಿವೆ. ಗೂಡು ಬೇಯಿಸುವ ಒಲೆಯಲ್ಲಿ ಉರಿದ ಸೌದೆಯ ಶಾಖದಲ್ಲಿ ಎಷ್ಟು ಬಾಂಡಲಿಗೆ ತಲುಪುತ್ತದೆ, ಎಷ್ಟು ಹೊಗೆಯ ಜೊತೆ ಹೋಗುತ್ತದೆ ಎಂದು ಲೆಕ್ಕ ಹಾಕಿದರೆ ಅದು ಶಾಖವಿಜ್ಞಾನದ ಪಕ್ಕಾ ಪ್ರಬಂಧ. ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳ ಮೋಟಾರು ಎಲೆಕ್ಟ್ರಿಕಲ್‌ನವರಿಗೆ. ಇವು ಯಾವುವೂ ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಪ್ರಾಜೆಕ್ಟುಗಳಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ, ಸ್ಥಳೀಯ ಸಮಸ್ಯೆಗೆ ಕಟ್ಟಿಹಾಕಿದರೆ ವಿದ್ಯಾರ್ಥಿಯ ದೃಷ್ಟಿ ಕಿರಿದಾಗುತ್ತದೆ, ಸಂಶೋಧನೆಗೆ ಜಗತ್ತೇ ಅಂಗಳ ಎಂಬುದು. ಎಂಜಿನಿಯರಿಂಗ್‌ನ ಅನುಭವ ಇದಕ್ಕೆ ವಿರುದ್ಧವಾಗಿದೆ. ವಿಶ್ವೇಶ್ವರಯ್ಯನವರು 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದ ಸ್ವಯಂಚಾಲಿತ ಗೇಟುಗಳು ಪುಣೆಯ ಆ ಒಂದು ಜಲಾಶಯದ ತೊಂದರೆಗೆಂದು ಹುಟ್ಟಿದವು. ಆಮೇಲೆ ಅವು ಗ್ವಾಲಿಯರಿಗೂ ಕೃಷ್ಣರಾಜಸಾಗರಕ್ಕೂ ಹೋದವು. ಅವರ ಬಳಿ ಸ್ನಾತಕೋತ್ತರ ಪದವಿ ಇರಲಿಲ್ಲ ಎಂಬುದನ್ನೂ ಇಲ್ಲಿ ಹೇಳಿಬಿಡುವುದು ನ್ಯಾಯ. ಇಷ್ಟಕ್ಕೂ ಎಲ್ಲರೂ ಕೆರೆಗೆ ಇಳಿಯಬೇಕೆಂಬ ಒತ್ತಾಯವಿಲ್ಲ. ಚಿಪ್ ವಿನ್ಯಾಸ ಓದುವವನು ಚಿಪ್ಪನ್ನೇ ಮಾಡಲಿ. ತಾನೇ ಅಳೆದ ಫಲಿತಾಂಶ ಅವನಲ್ಲೂ ಇರಲಿ.

ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿ. ಅಮೆರಿಕದಲ್ಲಿ ಪ್ರಬಂಧವಿಲ್ಲದ ಪದವಿಯೂ ಚೆನ್ನಾಗಿಯೇ ನಡೆಯುತ್ತಿರುವಾಗ, ಹೊಸಕೋಟೆ ಬಳಿಯ ಪಿಲ್ಲಗುಂಪೆಯ ಕೈಗಾರಿಕಾ ಪ್ರದೇಶದಲ್ಲೋ ವೋಲ್ವೋದಂಥ ಕಾರ್ಖಾನೆಯಲ್ಲೋ ದುಡಿಯುತ್ತ ಜ್ಞಾನ ಹೆಚ್ಚಿಸಿಕೊಳ್ಳಬಯಸುವವನಿಗೆ ಎರಡು ಸೆಮಿಸ್ಟರ್ ಪ್ರಬಂಧದ ಹೊರೆ ಏಕೆ? ಒಪ್ಪತಕ್ಕ ಮಾತು. ಆದ್ದರಿಂದಲೇ ಹಳೆಯ ಅಸೋಸಿಯೇಟ್‌ಶಿಪ್, ಡಿಪ್ಲೊಮಾಗಳ ಭೇದ ಇಲ್ಲಿ ನೆನಪಾಗಬೇಕು. ಕೋರ್ಸ್ ಮಾತ್ರ ಓದುವವರಿಗೆ ಕೋರ್ಸಿನ ಪದವಿಯನ್ನು ಆ ಹೆಸರಿನಲ್ಲೇ ಕೊಡಲಿ, ಅದರ ಪರೀಕ್ಷೆಗಳು ನಿಜಕ್ಕೂ ಕಠಿಣವಾಗಿರಲಿ. ಇನ್ನು ದುಡಿಯುತ್ತಲೇ ಪ್ರಬಂಧ ಬರೆಯಬಯಸುವವರಿಗೆ ಬಿಟ್ಸ್ ಪಿಲಾನಿಯ ಉದ್ಯೋಗನಿರತರ ಎಂ.ಟೆಕ್ ಒಂದು ಮಾದರಿ. ಅಲ್ಲಿ ಕೊನೆಯ ಸೆಮಿಸ್ಟರಿನ ಪ್ರಬಂಧವನ್ನು ತಾನು ಕೆಲಸ ಮಾಡುವ ಕಡೆಯೇ ಮಾಡಬಹುದು. ಕಾರ್ಖಾನೆಯ ಲೈನಿನಲ್ಲಿ ಬರುವ ತೊಡಕು ಲ್ಯಾಬಿನ ತೊಡಕಿಗಿಂತ ಕೀಳಲ್ಲ. ನಮ್ಮ ಈಗಿನ ತೊಂದರೆ ಎಂದರೆ, ಎಲ್ಲರಿಗೂ ಪ್ರಬಂಧ ಕಡ್ಡಾಯ ಮಾಡಿ ಯಾರಿಂದಲೂ ಅದನ್ನು ವಸೂಲು ಮಾಡದಿರುವುದು.

ವಸೂಲು ಮಾಡುವವರು ಯಾರು ಎಂಬಲ್ಲಿಗೆ ಮೂರನೆಯ ಆಕ್ಷೇಪ ಬರುತ್ತದೆ. ಒಳ್ಳೆಯ ಪರೀಕ್ಷಕರನ್ನು ಎಲ್ಲಿಂದ ತರುವುದು, ಅವರೂ ಮುಲಾಜಿಗೆ ಬೀಳುವುದಿಲ್ಲವೆ? ಬೀಳಬಹುದು. ಆದರೆ ಪರೀಕ್ಷಕರೆಲ್ಲ ಕಾಲೇಜು ಅಧ್ಯಾಪಕರೇ ಆಗಿರಬೇಕೆಂದು ಹಟ ಏಕೆ? ಸಣ್ಣ ನೀರಾವರಿ ಇಲಾಖೆ, ಅಂತರ್ಜಲ ನಿರ್ದೇಶನಾಲಯ, ರೇಷ್ಮೆ ತಂತ್ರಜ್ಞಾನದ ಕೇಂದ್ರೀಯ ಸಂಸ್ಥೆ, ಹೆದ್ದಾರಿ ಪ್ರಾಧಿಕಾರ, ಖಾಸಗಿ ಕಾರ್ಖಾನೆಗಳು ಎಲ್ಲ ಕಡೆಯೂ ಹದಿನೈದು ಇಪ್ಪತ್ತು ವರ್ಷ ನುರಿತ ಎಂಜಿನಿಯರುಗಳಿದ್ದಾರೆ. ವೈವಾಕ್ಕೆ ಅಂಥವರೊಬ್ಬರು ಇರಲೇಬೇಕೆಂದರೆ ಪಕ್ಕದ ಕಾಲೇಜುಗಳ ಕೊಡುಕೊಳ್ಳುವಿಕೆಯ ಕೊಂಡಿ ಒಂದು ಕಡೆಯಾದರೂ ತುಂಡಾಗುತ್ತದೆ. ಅದಕ್ಕಿಂತಲೂ ಅಗ್ಗದ ಕಾವಲು ಬಯಲಿಗೆ ಇಡುವುದು. ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ರಾಷ್ಟ್ರೀಯ ಭಂಡಾರದಲ್ಲಿ ಯಾರು ಬೇಕಾದರೂ ಓದುವಂತೆ ಇರುತ್ತವೆ. ಎಂ.ಟೆಕ್ ವರದಿಗಳಿಗೆ ಅಂಥ ಕಡ್ಡಾಯವಿಲ್ಲ. ನೀಲಿ ರಟ್ಟಿನ ಬೈಂಡು ಹಾಕಿಸಿಕೊಂಡು ವಿಭಾಗದ ಬೀರು ಸೇರುತ್ತವೆ. ವರದಿಯನ್ನೂ ಅಳತೆಯ ಮೂಲ ಅಂಕಿಗಳನ್ನೂ ವಿಟಿಯು ತನ್ನ ಜಾಲತಾಣದಲ್ಲಿ ಗೈಡ್ ಮತ್ತು ಪರೀಕ್ಷಕರ ಹೆಸರಿನ ಸಮೇತ ಹಾಕಿದರೆ ಸಾಕು, ಅರ್ಧ ಕೆಲಸ ತಾನಾಗಿ ಆಗುತ್ತದೆ.

ಇಲ್ಲಿ ಕನ್ನಡದ ಮಾತೂ ಬರುತ್ತದೆ. ಎಐಸಿಟಿಇ 2021ರಲ್ಲಿ ಕನ್ನಡವೂ ಸೇರಿ ಭಾರತೀಯ ಭಾಷೆಗಳಲ್ಲಿ ಬಿ.ಇ. ಕಲಿಸಲು ಅನುಮತಿ ಕೊಟ್ಟಿತು. ಕರ್ನಾಟಕದಲ್ಲಿ ಅದಕ್ಕೆ ವಿದ್ಯಾರ್ಥಿಗಳ ಸ್ಪಂದನ ತೀರ ತೆಳು. ಸ್ನಾತಕೋತ್ತರ ಮಟ್ಟದಲ್ಲಿ ಇಡೀ ಪ್ರಬಂಧವನ್ನು ಕನ್ನಡದಲ್ಲಿ ಕೇಳುವುದು ಸದ್ಯಕ್ಕೆ ಹುಸಿ ಆದರ್ಶ. ಹತ್ತು ಪುಟದ ಕನ್ನಡ ಸಾರಾಂಶ ಕೇಳಬಹುದು. ನೆದರ್ಲೆಂಡ್ಸ್‌ನ ಪಿಎಚ್.ಡಿ. ಪ್ರಬಂಧ ಇಂಗ್ಲಿಷಿನಲ್ಲಿದ್ದರೂ ಕೊನೆಗೆ ಡಚ್ ಸಾರಾಂಶ ಇರುವುದು ವಾಡಿಕೆ. ಅಲ್ಲಿನ ಸಂಶೋಧನೆಯ ಮಟ್ಟ ಅದರಿಂದ ಇಳಿದಿಲ್ಲ. ಹೊರ ರಾಜ್ಯದ ವಿದ್ಯಾರ್ಥಿಗೆ ವಿನಾಯಿತಿ ಇರಲಿ. ಸೂಲಿಬೆಲೆ ಕಡೆಯ ಬಾವಿಗಳ ಫ್ಲೋರೈಡ್ ಅಳೆದ ವಿದ್ಯಾರ್ಥಿ ತಾನು ಕಂಡದ್ದನ್ನು ಆ ಊರಿನ ಪಂಚಾಯಿತಿ ಸದಸ್ಯರಿಗೆ ತಿಳಿಯುವಂತೆ ಬರೆಯಲಾರದೆ ಹೋದರೆ, ಅವನಿಗೇ ಅದು ಎಷ್ಟು ತಿಳಿದಿದೆ ಎಂದು ಪರೀಕ್ಷಕರು ಕೇಳಬಹುದು.

ಕೊನೆಯದಾಗಿ ಹಣ. ಗೇಟ್ ಪಾಸಾಗಿ ಬಂದ ಪೂರ್ಣಾವಧಿ ವಿದ್ಯಾರ್ಥಿಗೆ ಎಐಸಿಟಿಇ ತಿಂಗಳಿಗೆ 12,400 ರೂಪಾಯಿಯಂತೆ 24 ತಿಂಗಳು ಸ್ಟೈಪೆಂಡ್ ಕೊಡುತ್ತದೆ. ಪಿಜಿಸಿಇಟಿಯಲ್ಲಿ ಬಂದವನಿಗೆ ಆ ಸ್ಟೈಪೆಂಡ್ ಇಲ್ಲ. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಒಂದೇ ಪರೀಕ್ಷೆ ಬರೆಯುತ್ತಾರೆ. ಗೇಟ್‌ಗೆ ಕೋಚಿಂಗ್ ತೆಗೆದುಕೊಂಡು ಒಂದು ವರ್ಷ ಮನೆಯಲ್ಲಿ ಕೂರಬಲ್ಲವನು ಯಾರು, ಕೂರಲಾರದವನು ಯಾರು ಎಂದು ಹೋಬಳಿಯ ಜನರಿಗೆ ಯಾರೂ ವಿವರಿಸಬೇಕಿಲ್ಲ. ಕೈಯಲ್ಲಿ ಕಾಸಿಲ್ಲದ ಹುಡುಗ ನಾಲ್ಕನೆಯ ಸೆಮಿಸ್ಟರಿನಲ್ಲಿ ಕೆರೆಗಳ ಸುತ್ತ ತಿರುಗುವ ಬದಲು ಯಾವುದೋ ಕಂಪನಿಗೆ ಸೇರಿ, ಪ್ರಾಜೆಕ್ಟನ್ನು ಅಂಗಡಿಯಿಂದ ತಂದರೆ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟುವುದು ಸರಿಯಲ್ಲ. ಷರತ್ತು ಬಿಗಿ ಮಾಡುವವರು ಅದನ್ನು ಪೂರೈಸುವ ಆರು ತಿಂಗಳ ಖರ್ಚನ್ನೂ ಯೋಚಿಸಬೇಕು. ಎಲ್ಲರಿಗೂ 24 ತಿಂಗಳ ಸ್ಟೈಪೆಂಡ್ ಸರ್ಕಾರಕ್ಕೆ ಭಾರವೆನ್ನಿಸಿದರೆ, ವಿಷಯವನ್ನು ಹೊರಗಿನ ಎಂಜಿನಿಯರರ ಮುಂದೆ ಮಂಡಿಸಿ ಒಪ್ಪಿಗೆ ಪಡೆದ ಪಿಜಿಸಿಇಟಿ ವಿದ್ಯಾರ್ಥಿಗಳಿಗೆ ಕೊನೆಯ ಸೆಮಿಸ್ಟರಿಗಾದರೂ ಅದೇ ದರದಲ್ಲಿ ಕೊಡಬಹುದು. ಒಬ್ಬರಿಗೆ 74,400 ರೂಪಾಯಿ ಆಗುತ್ತದೆ. ವಿಟಿಯು 2018, 2020, 2022 ಎಂದು ಪಠ್ಯಕ್ರಮದ ಸ್ಕೀಮ್ ಬದಲಿಸುತ್ತಲೇ ಬಂದಿದೆ. ಮುಂದಿನ ಸ್ಕೀಮಿನಲ್ಲಿ ಇನ್ನೊಂದು ಹೊಸ ವಿಷಯ ಸೇರಿಸುವ ಮೊದಲು ವೈವಾದ ಮೇಜಿನ ಆಚೆ ಯಾರು ಕೂರಬೇಕು, ವರದಿ ಎಲ್ಲಿ ಪ್ರಕಟವಾಗಬೇಕು, ಆ ಆರು ತಿಂಗಳು ವಿದ್ಯಾರ್ಥಿಯ ಊಟ, ಬಸ್ ಚಾರ್ಜು ಯಾರು ಕೊಡಬೇಕು ಎಂಬ ಮೂರನ್ನು ಬರೆದು ಮುಗಿಸಲಿ.